ಹಾರ್ಮೋನ್ ಯಾವುದಕ್ಕೆ, ಯಾರಿಗೆ?

ಡೊಂಬಿವಲಿಯ ಸೋದರಿಗೆ ನಮಸ್ಕಾರ.

ನಿಮಗೆ 52 ವರ್ಷ. ಮುಟ್ಟು ನಿಂತು 3 ವರ್ಷ, ಶುಗರ್ ಬಂದು 8 ವರ್ಷ. ಬೆಳಗಿನ ಲೋಕಲ್‌ನ ಲೇಡೀಸ್ ಡಬ್ಬದಲ್ಲಿ ನಿಂತಲ್ಲೇ ಮೈ ಕಾದು ಸೀರೆ ಒದ್ದೆಯಾಗುತ್ತದೆ, ರಾತ್ರಿ ನಿದ್ದೆ ಇಲ್ಲ ಎಂದು ಬರೆದಿದ್ದೀರಿ. ಹಾರ್ಮೋನ್ ತಗೊಂಡರೆ ರಕ್ತನಾಳಕ್ಕೂ ಒಳ್ಳೆಯದು ಎಂದು ಪಕ್ಕದ ಮನೆಯವರು, ಹಾರ್ಟ್ ಅಟ್ಯಾಕ್ ಆಗುತ್ತೆ ಎಂದು ನಿಮ್ಮ ಅಕ್ಕ. ಡಾಕ್ಟರು ಮಾತ್ರ "ಈ ವಯಸ್ಸಲ್ಲಿ ಇದೆಲ್ಲ ಇದ್ದದ್ದೇ" ಎಂದು ಎರಡೇ ನಿಮಿಷದಲ್ಲಿ ಕಳಿಸಿದರಂತೆ. ಓದಿ ಬೇಜಾರಾಯಿತು. ನಿದ್ದೆ ಇಲ್ಲದ ರಾತ್ರಿಗಳನ್ನು ಸುಮ್ನೆ ಸಹಿಸಬೇಕಿಲ್ಲ.

ಪಕ್ಕದ ಮನೆಯವರ ಮಾತು ಪೂರ್ತಿ ಸುಳ್ಳಲ್ಲ. ಈ ಹಾರ್ಮೋನ್ ಅಂದರೆ ಮುಖ್ಯವಾಗಿ ಈಸ್ಟ್ರೋಜನ್, ಮುಟ್ಟು ನಿಂತಾಗ ಮೈಯಲ್ಲಿ ಕಡಿಮೆಯಾಗುವ ಹೆಣ್ಣು ಹಾರ್ಮೋನ್. ಅದು ಇದ್ದಾಗ ರಕ್ತನಾಳದ ಒಳಪದರದಲ್ಲಿ ನೈಟ್ರಿಕ್ ಆಕ್ಸೈಡ್ ಚೆನ್ನಾಗಿ ತಯಾರಾಗುತ್ತದೆ. ನಾಳ ಸಡಿಲಾಗಿ ರಕ್ತ ಸರಾಗವಾಗಿ ಹರಿಯುತ್ತದೆ. ಆದರೆ ವರ್ಷಗಟ್ಟಲೆ ಏರಿದ ಸಕ್ಕರೆ ಹಾಳು ಮಾಡುವುದೂ ಅದೇ ಒಳಪದರವನ್ನು. ನಿಮಗೆ 52 ಆದರೂ ನಾಳಗಳಿಗೆ ಇನ್ನೂ ಜಾಸ್ತಿ ವಯಸ್ಸಾಗಿರಬಹುದು. ಹಾಗಾಗಿ ನಾಳ ಕಾಪಾಡಲಿಕ್ಕೆಂದೇ ಹಾರ್ಮೋನ್ ಬೇಡ. ಅದಕ್ಕೆ ಬಿಪಿ, ಕೊಲೆಸ್ಟ್ರಾಲ್, ಶುಗರ್ ಹತೋಟಿಯೇ ದಾರಿ. ಹಾರ್ಮೋನ್ ಕೇಳುವುದಾದರೆ ಬೆವರು, ನಿದ್ದೆಯ ತೊಂದರೆಗೆ ಕೇಳಿ.

ಅಕ್ಕನ ಭಯ 2002ರದ್ದು. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಿದರು. ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟರಾನ್ ತರಹದ ಇನ್ನೊಂದು ಹಾರ್ಮೋನ್ ಸೇರಿದ ಮಾತ್ರೆ ನುಂಗಿದವರಲ್ಲಿ ಸ್ತನ ಕ್ಯಾನ್ಸರ್, ಹಾರ್ಟ್ ಅಟ್ಯಾಕ್, ಲಕ್ವ ಸ್ವಲ್ಪ ಜಾಸ್ತಿ ಕಂಡಿದ್ದವು. ಆದರೆ ಅವರ ಸರಾಸರಿ ವಯಸ್ಸು 63. 60ರ ಒಳಗೆ, ಇಲ್ಲವೇ ಮುಟ್ಟು ನಿಂತ 10 ವರ್ಷದೊಳಗೆ ಶುರು ಮಾಡಿದರೆ ಅಪಾಯ ಕಡಿಮೆ ಎಂದು ಈಗ ತಜ್ಞರು ಹೇಳುತ್ತಾರೆ.

ಯಾವ ರೂಪದಲ್ಲಿ ಎಂಬುದೂ ಮುಖ್ಯ. ನುಂಗಿದ ಮಾತ್ರೆ ಮೊದಲು ಲಿವರ್‌ಗೆ ಹೋಗುತ್ತದೆ. ಅಲ್ಲಿ ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನೂ ರಕ್ತದಲ್ಲಿನ ಕೊಬ್ಬಾದ ಟ್ರೈಗ್ಲಿಸರೈಡನ್ನೂ ಏರಿಸುತ್ತದೆ. ಚರ್ಮಕ್ಕೆ ಅಂಟಿಸುವ ಪ್ಯಾಚ್, ಹಚ್ಚುವ ಜೆಲ್ ನೇರ ರಕ್ತಕ್ಕೆ ಸೇರುತ್ತವೆ. ಶುಗರ್ ಇರುವವರಿಗೆ ಇದೇ ವಾಸಿ. ಗರ್ಭಕೋಶ ಇದ್ದರೆ ಅದರ ಒಳಪದರ ಕಾಯಲು ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಹಿಂದೆ ಹಾರ್ಟ್ ಅಟ್ಯಾಕ್, ಲಕ್ವ, ಸ್ತನ ಕ್ಯಾನ್ಸರ್ ಆಗಿದ್ದರೆ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿದ್ದರೆ ಹಾರ್ಮೋನ್ ದಾರಿಯೇ ಬೇಡ. ಹಾರ್ಮೋನ್ ಇಲ್ಲದ ಔಷಧಿಗಳೂ ಇವೆ.

ಬೇರೆ ಸ್ತ್ರೀರೋಗ ತಜ್ಞರನ್ನು ನೋಡಿ. ಬಿಪಿ, ಕೊಲೆಸ್ಟ್ರಾಲ್, ಮೂತ್ರದ ಪ್ರೋಟೀನ್, ಕಣ್ಣಿನ ಪರೀಕ್ಷೆ, ಮೂರು ತಿಂಗಳ ಸರಾಸರಿ ಶುಗರ್, ಎಲ್ಲ ರಿಪೋರ್ಟೂ ಒಯ್ಯಿರಿ. ಶುಗರ್ ನೋಡುವ ಡಾಕ್ಟರಿಗೂ ತಿಳಿಸಿ, ಹಾರ್ಮೋನ್ ಶುರುವಾದರೆ ಶುಗರ್ ಸ್ವಲ್ಪ ಇಳಿಯುವುದುಂಟು. ಅಕ್ಕನನ್ನೂ ಕರೆದುಕೊಂಡು ಹೋಗಿ. ಅವರ ಭಯಕ್ಕೂ ಅಲ್ಲೇ ಉತ್ತರ ಸಿಗಲಿ.

— ಸಂಪಾದಕ