ಪ್ರೆಸ್ ನೋಟ್ ಕಳಿಸಿದ್ದೇವೆ, ಸುದ್ದಿ ಯಾಕೆ ಬರಲಿಲ್ಲ?

ಈ ಸಂಚಿಕೆಗೆ ಶಿವಮೊಗ್ಗ ಜಿಲ್ಲೆಯ ಸಣ್ಣ ಉದ್ದಿಮೆದಾರರಿಂದ ಬಂದ ಪ್ರಶ್ನೆಗಳನ್ನು ಆರಿಸಿಕೊಂಡಿದ್ದೇವೆ. ಹೆಸರು ಬೇಡ ಎಂದಿದ್ದರಿಂದ ಊರು ಮಾತ್ರ ಹಾಕಿದ್ದೇವೆ.

ಪ್ರಶ್ನೆ: ನಮ್ಮದು ಮಹಿಳಾ ಸ್ವಸಹಾಯ ಸಂಘ. ಅಪ್ಪೆಮಿಡಿ ಉಪ್ಪಿನಕಾಯಿಯನ್ನು ನಮ್ಮದೇ ಬ್ರ್ಯಾಂಡ್‌ನಲ್ಲಿ ಮಾರುತ್ತೇವೆ. ಎರಡು ಪುಟದ ಪ್ರೆಸ್ ನೋಟ್ ಮಾಡಿ ಎಲ್ಲ ಪತ್ರಿಕೆಗಳಿಗೂ ಕಳಿಸಿದೆವು. ಒಂದರಲ್ಲೂ ಬರಲಿಲ್ಲ. ಪ್ರತಿ ಜೊತೆಗಿಟ್ಟಿದ್ದೇವೆ, ಎಲ್ಲಿ ತಪ್ಪಿದೆ ಹೇಳಿ.
– ಸಂಘದ ಕಾರ್ಯದರ್ಶಿ, ಸಾಗರ

ಉತ್ತರ: ಸುದ್ದಿ ಇದೆ ಅಮ್ಮ, ಆದರೆ ಎರಡನೇ ಪುಟದ ತಳದಲ್ಲಿ ಹೂತುಹೋಗಿದೆ. ನಿಮ್ಮ ಮೊದಲ ವಾಕ್ಯ ಹೀಗಿದೆ: ‘ಮಲೆನಾಡಿನ ಮಡಿಲಲ್ಲಿ ಅರಳಿದ, ಗುಣಮಟ್ಟದಲ್ಲಿ ರಾಜಿಯೇ ಇಲ್ಲದ, ಅಜ್ಜಿಯ ಕೈರುಚಿಯ ನಮ್ಮ ಹೆಮ್ಮೆಯ ಉತ್ಪನ್ನ ನಾಡಿನ ಮನೆಮನೆ ತಲುಪಲು ಸಜ್ಜಾಗಿದೆ.’ ಇಲ್ಲಿ ಯಾವ ಕಂಪನಿಯ ಯಾವ ಉಪ್ಪಿನಕಾಯಿಯ ಹೆಸರು ಹಾಕಿದರೂ ನಡೆಯುತ್ತದೆ. ಪತ್ರಿಕೆಯ ಡೆಸ್ಕ್‌ನಲ್ಲಿ ಸುದ್ದಿ ಆರಿಸಲು ಕೂತವರು ಮುಂದಕ್ಕೆ ಓದದಿರಲು ಅಷ್ಟು ಸಾಕು.

ಕೊನೆಯ ಪ್ಯಾರಾದಲ್ಲಿ, ಯಾವುದೋ ಮರೆತ ಮಾತಿನಂತೆ, ‘ಕೊಂಬೆ ಕಡಿದು ತಂದ ಮಿಡಿಯನ್ನು ನಾವು ಕೊಳ್ಳುವುದಿಲ್ಲ, ದೋಟಿಯಲ್ಲಿ ಕೊಯ್ದು ತಂದರೆ ನೂರು ಮಿಡಿಗೆ 20 ರೂಪಾಯಿ ಹೆಚ್ಚು ಕೊಡುತ್ತೇವೆ’ ಎಂದು ಬರೆದಿದ್ದೀರಿ. ಸುದ್ದಿ ಅದೇ. ಹೊಳೆದಂಡೆಯ ಅಪ್ಪೆಮರಗಳನ್ನು ಮಿಡಿಯ ಆಸೆಗೆ ಕೊಂಬೆಸಮೇತ ಕಡಿಯುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಕಟ. ಅದಕ್ಕೆ ದುಡ್ಡಿನ ಲೆಕ್ಕದಲ್ಲೇ ಒಂದು ಉತ್ತರ ಹುಡುಕಿದವರು ನೀವು. ನಿಮ್ಮ ಬ್ರ್ಯಾಂಡ್ ಹೆಸರನ್ನು ಪೂರ್ತಿ ಅಳಿಸಿದರೂ ಈ ಸಂಗತಿ ಓದುಗನಿಗೆ ಬೇಕು. ಪ್ರಕಟಣೆ ಕಳಿಸುವ ಮೊದಲು ಹೀಗೆ ಹೆಸರು ಅಳಿಸಿ ಓದಿ ನೋಡಿ. ಏನೂ ಉಳಿಯದಿದ್ದರೆ ಅದು ಜಾಹೀರಾತು, ದುಡ್ಡು ಕೊಟ್ಟೇ ಹಾಕಿಸಬೇಕು.

ಆರಂಭವನ್ನು ಹೀಗೆ ಮಾಡಬಹುದು:

‘ಸಾಗರ: ಕೊಂಬೆ ಕಡಿಯದೆ ದೋಟಿಯಿಂದ ಕೊಯ್ದ ಅಪ್ಪೆಮಿಡಿಯನ್ನು ಮಾತ್ರ ಖರೀದಿಸಲು ತಾಲ್ಲೂಕಿನ ಮಹಿಳಾ ಸ್ವಸಹಾಯ ಸಂಘವೊಂದು ನಿರ್ಧರಿಸಿದೆ. ಇಂಥ ಮಿಡಿಗೆ ನೂರಕ್ಕೆ 20 ರೂ. ಹೆಚ್ಚುವರಿ ದರ ನೀಡಲಿದ್ದು, ಖರೀದಿ ಇದೇ ಸೋಮವಾರ ಆರಂಭವಾಗಲಿದೆ.’

ಎರಡೇ ವಾಕ್ಯದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಎಷ್ಟು ಎಲ್ಲವೂ ಬಂತು. ಜಾಗ ಸಾಲದೆ ಉಪಸಂಪಾದಕರು ಕೆಳಗಿನದನ್ನೆಲ್ಲ ಕತ್ತರಿಸಿದರೂ ಇಷ್ಟು ನಿಲ್ಲುತ್ತದೆ. ಕತ್ತರಿ ಯಾವಾಗಲೂ ಕೆಳಗಿನಿಂದಲೇ ಬೀಳುವುದು. ಎರಡನೇ ಪ್ಯಾರಾದಲ್ಲಿ ಸಂಘದ ಹೆಸರು, ಬ್ರ್ಯಾಂಡ್ ಹೆಸರು ಒಂದು ಸಲ ಬರಲಿ. ಮೂರನೆಯದರಲ್ಲಿ ಹಿನ್ನೆಲೆ: ಕಳೆದ ಹಂಗಾಮಿನಲ್ಲಿ ಎಷ್ಟು ಮಿಡಿ ಕೊಂಡಿರಿ, ಎಷ್ಟು ಬೆಳೆಗಾರರಿಂದ, ಹೆಚ್ಚುವರಿ ದರದ ಹೊರೆ ಬಾಟಲಿಗೆ ಎಷ್ಟು ಬೀಳುತ್ತದೆ. ಆಮೇಲೆ ಅಧ್ಯಕ್ಷರ ಒಂದು ಮಾತು, ಅವರು ಮನೆಯಲ್ಲಿ ಆಡುವ ಧಾಟಿಯಲ್ಲೇ. ‘ಹರ್ಷ ವ್ಯಕ್ತಪಡಿಸಿದರು’ ಬೇಡ. ‘ಮರ ಹೋದ್ರೆ ಮುಂದಿನ ವರ್ಷ ಉಪ್ಪಿನಕಾಯಿ ಯಾವುದರಲ್ಲಿ ಹಾಕೋದು?’ ಎಂದರೆ ಅದನ್ನೇ ಶೀರ್ಷಿಕೆ ಮಾಡುವ ಸಂಪಾದಕರೂ ಇದ್ದಾರೆ. ಎಲ್ಲ ಸೇರಿ 250ರಿಂದ 300 ಪದ, ಎ4 ಹಾಳೆಯ ಒಂದೇ ಮಗ್ಗುಲು.

ಕೊನೆಯಲ್ಲಿ, ಪ್ರಕಟಣೆಯಿಂದ ಬೇರೆಯಾಗಿ, ವರದಿಗಾರರಿಗಷ್ಟೇ ಎಂದು ಗುರುತು ಮಾಡಿ, ನಿಮ್ಮ ಸಂಘಕ್ಕೆ ಸೇರದ ಇಬ್ಬರ ನಂಬರ್ ಅವರ ಒಪ್ಪಿಗೆ ಪಡೆದು ಕೊಡಿ. ಒಬ್ಬರು ನಿಮಗೆ ಮಿಡಿ ಕೊಡುವ ಬೆಳೆಗಾರ, ಇನ್ನೊಬ್ಬರು ಈ ಮರ ಬಲ್ಲವರು. ಇರುವಕ್ಕಿಯ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯ ನಿಮ್ಮ ತಾಲ್ಲೂಕಿನಲ್ಲೇ ಇದೆಯಲ್ಲ. ಹೊರಗಿನ ದನಿ ಸೇರಿದಾಗ ವರದಿಗಾರರು ಪ್ರಕಟಣೆಯನ್ನು ಹಾಗೇ ಇಳಿಸುವುದಿಲ್ಲ, ತಮ್ಮದೇ ವರದಿ ಬರೆಯುತ್ತಾರೆ. ನಿಮಗೆ ಬೇಕಾಗಿರುವುದೂ ಅದೇ. ಆ ಹೊರಗಿನವರು ನಿಮ್ಮನ್ನು ಹೊಗಳದೆಯೂ ಇರಬಹುದು, ಅದಕ್ಕೆ ಸಿದ್ಧರಿರಿ. ನಿಮ್ಮದೇ ನಂಬರ್ ಕೊಡುವಾಗ ಸಿಗ್ನಲ್ ಸಿಗುವ ಊರಿನಲ್ಲಿರುವ ಒಬ್ಬರದನ್ನೂ ಸೇರಿಸಿ. ವರದಿಗಾರರು ಸಂಜೆ ಒಂದು ಸಂಶಯಕ್ಕೆ ಫೋನ್ ಮಾಡಿದಾಗ ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಅಂತ ಬಂದರೆ ಸುದ್ದಿ ಪಕ್ಕಕ್ಕೆ ಸರಿಯುತ್ತದೆ.

ಇನ್ನೊಂದು ತಿದ್ದುಪಡಿ. ‘ಜಿಐ ಮಾನ್ಯತೆ ಪಡೆದ ನಮ್ಮ ಉಪ್ಪಿನಕಾಯಿ’ ಎಂದಿದ್ದೀರಿ. ಜಿಐ, ಅಂದರೆ ಇಂಥ ಪ್ರದೇಶದ್ದೇ ಎಂದು ಗುರುತಿಸುವ ಭೌಗೋಳಿಕ ಸೂಚಿಕೆ, ಇರುವುದು ಅಪ್ಪೆಮಿಡಿಗೆ, ನಿಮ್ಮ ಬಾಟಲಿಗಲ್ಲ. ಆ ಗುರುತನ್ನು ವ್ಯಾಪಾರಕ್ಕೆ ಬಳಸಲು ಅಧಿಕೃತ ಬಳಕೆದಾರರಾಗಿ ನೋಂದಣಿ ಆಗಿರಬೇಕು. ಆಗಿರದಿದ್ದರೆ ಆ ಸಾಲು ತೆಗೆಯಿರಿ. ಒಂದು ತಪ್ಪು ಸಿಕ್ಕಿಬಿದ್ದರೆ ಉಳಿದ ಅಂಕಿಗಳನ್ನೂ ಯಾರೂ ನಂಬುವುದಿಲ್ಲ.

ಪ್ರಶ್ನೆ: ಪ್ರಕಟಣೆಯನ್ನು ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ, ಲೆಟರ್‌ಹೆಡ್‌ನಲ್ಲಿ ಪಿಡಿಎಫ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಕಳಿಸುತ್ತೇನೆ. ‘ಓಪನ್ ಆಗ್ತಿಲ್ಲ, ಅಕ್ಷರ ಸರಿ ಇಲ್ಲ’ ಅನ್ನುತ್ತಾರೆ. ಫೋಟೊ ಹಾಕುವುದೇ ಇಲ್ಲ.
– ಅಡಿಕೆ ಹಾಳೆತಟ್ಟೆ ತಯಾರಕರು, ರಿಪ್ಪನ್‌ಪೇಟೆ

ಉತ್ತರ: ನುಡಿಯ ಹಳೆಯ ಆಸ್ಕಿ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂತಿರುತ್ತವೆ. ಆ ಫಾಂಟ್ ಇಲ್ಲದ ಫೋನಿನಲ್ಲಿ ತೆರೆದರೆ ತಲೆ ಮೇಲೆ ಗೀಟು, ಚುಕ್ಕಿ ಹೊತ್ತ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಪಿಡಿಎಫ್ ಕಣ್ಣಿಗೆ ಸರಿ ಕಂಡರೂ ಅದರಿಂದ ಕಾಪಿ ಮಾಡಿ ಅಂಟಿಸಿದರೆ ಒತ್ತಕ್ಷರ, ದೀರ್ಘ ಚೆಲ್ಲಾಪಿಲ್ಲಿ. ಲೆಟರ್‌ಹೆಡ್ ಫೋಟೊ ಆದರಂತೂ ಮೊದಲಿನಿಂದ ಟೈಪ್ ಮಾಡಬೇಕು. ದಿನಕ್ಕೆ ಹತ್ತಾರು ಪ್ರಕಟಣೆ ಬರುವ ಕಡೆ ನಿಮ್ಮದೊಂದನ್ನು ಕೂತು ಟೈಪ್ ಮಾಡುವವರು ಯಾರು?

ಎಲ್ಲ ಫೋನುಗಳಲ್ಲೂ ಕನ್ನಡವಾಗಿಯೇ ಕಾಣುವ ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಇಲ್ಲವೇ ಕನ್ವರ್ಟರ್‌ನಲ್ಲಿ ಬದಲಿಸಿ. ಬದಲಿಸಿದ ಮೇಲೆ ಅರ್ಕಾವತ್ತು ಮತ್ತು ಅಂಕಿಗಳನ್ನು ಒಂದೊಂದಾಗಿ ಓದಿ, ಕನ್ವರ್ಟರ್ ಎಡವುವುದು ಹೆಚ್ಚಾಗಿ ಅಲ್ಲೇ. ಪಠ್ಯವನ್ನು ಇಮೇಲ್‌ನ ಒಡಲಲ್ಲೇ ಅಂಟಿಸಿ, ಜೊತೆಗೆ ವರ್ಡ್ ಫೈಲ್ ಇಡಿ. ವಿಷಯದ ಸಾಲಿನಲ್ಲಿ ‘ಪ್ರಕಟಣೆಯ ಕೃಪೆಗಾಗಿ’ ಎಂದಷ್ಟೇ ಬರೆಯಬೇಡಿ, ಊರು ಮತ್ತು ಸುದ್ದಿಯ ತಿರುಳನ್ನು ಏಳೆಂಟು ಪದಗಳಲ್ಲಿ ಹಾಕಿ.

ಫೋಟೊ ಮೂರು ಕಾಲಂ ಅಗಲಕ್ಕೆ, ಅಂದರೆ ಸುಮಾರು 15 ಸೆಂ.ಮೀ.ಗೆ, 300 ಡಿಪಿಐನಲ್ಲಿ (ಇಂಚಿಗೆ 300 ಚುಕ್ಕಿ) ಅಚ್ಚಾಗಲು 1,800 ಪಿಕ್ಸೆಲ್ ಅಗಲ ಬೇಕು. ವಾಟ್ಸ್ಆ್ಯಪ್ ಫೋಟೊವನ್ನು ಕುಗ್ಗಿಸುತ್ತದೆ. ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಮೂಲ ಗಾತ್ರ ಉಳಿಯುತ್ತದೆ. ಬ್ಯಾನರ್ ಮುಂದೆ ಸಾಲಾಗಿ ನಿಂತು ತಟ್ಟೆ ಹಿಡಿದ ಚಿತ್ರ ಬೇಡವೇ ಬೇಡ. ನೀರಲ್ಲಿ ನೆನೆಸಿದ ಹಾಳೆಯನ್ನು ಅಚ್ಚಿನ ಮೇಲಿಟ್ಟು ಬಿಸಿ ಪ್ರೆಸ್ ಇಳಿಸುವಾಗ ಏಳುವ ಹಬೆ, ಅದರ ಹಿಂದೆ ಕೆಲಸದವರ ಮುಖ, ಇಷ್ಟಿದ್ದರೆ ಸಾಕು. ಕೆಳಗೆ ಎಡದಿಂದ ಬಲಕ್ಕೆ ಯಾರು ಯಾರು, ಚಿತ್ರ ತೆಗೆದವರು ಯಾರು ಎಂದು ಬರೆಯಿರಿ.

ಹೊತ್ತಿನ ವಿಚಾರ: ಜಿಲ್ಲಾ ಪುಟಕ್ಕೆ ಆದರೆ ಮಧ್ಯಾಹ್ನ 12ರೊಳಗೆ ತಾಲ್ಲೂಕು ವರದಿಗಾರರ ಕೈಸೇರಲಿ. ಭಾನುವಾರದ ಪುರವಣಿಗೆ ಎರಡು ಮೂರು ವಾರ ಮೊದಲು, ಮಾಸಿಕಗಳಿಗೆ ಎರಡು ತಿಂಗಳು ಮೊದಲು.

ಪ್ರಶ್ನೆ: ಆಗುಂಬೆ ಹತ್ತಿರ ಹೋಂಸ್ಟೇ ಶುರು ಮಾಡುತ್ತಿದ್ದೇವೆ. ಶಿವಮೊಗ್ಗದಲ್ಲಿ ಸುದ್ದಿಗೋಷ್ಠಿ ಕರೆಯುವುದೋ, ಪ್ರಕಟಣೆ ಸಾಕೋ?
– ತೀರ್ಥಹಳ್ಳಿ

ಉತ್ತರ: ಎರಡೂ ಬೇಡ. ಮಲೆನಾಡಿನಲ್ಲಿ ಹೋಂಸ್ಟೇ ಶುರುವಾಗುವುದು ಈಗ ಸುದ್ದಿಯಲ್ಲ. ಸುದ್ದಿಗೋಷ್ಠಿ ಕರೆಯಬೇಕಾದದ್ದು ವರದಿಗಾರರಿಗೆ ಮರುಪ್ರಶ್ನೆ ಕೇಳುವ ಅಗತ್ಯ ಇದ್ದಾಗ, ಇಲ್ಲವೇ ಕೈಯಲ್ಲಿ ಹಿಡಿದು ನೋಡುವ ವಸ್ತು ಇದ್ದಾಗ. ಉಳಿದ ಹೊತ್ತಿನಲ್ಲಿ ಕಾಫಿ, ಉಪ್ಪಿಟ್ಟಿನ ಖರ್ಚೇ ಮಿಗುವುದು.

ಆದರೆ ನಿಮ್ಮ ಪತ್ರದ ಕೊನೆಗೆ ‘ಅಪ್ಪಯ್ಯ ದಿನವೂ ಮಳೆ ಅಳೆದು ಬರೆದಿಟ್ಟ ಪುಸ್ತಕಗಳು ಮನೆಯಲ್ಲಿವೆ’ ಎಂದಿದ್ದೀರಿ. ಅದನ್ನು ಜೂನ್ ಮೊದಲ ವಾರಕ್ಕೆ ಕಾದಿಡಿ. ಆಗ ಎಲ್ಲ ಪತ್ರಿಕೆಗಳಿಗೂ ಮುಂಗಾರಿನ ಬರಹ ಬೇಕಿರುತ್ತದೆ. ಯಾವ ವರ್ಷ ಜೂನ್ ಖಾಲಿ ಹೋಯಿತು, ಯಾವ ವರ್ಷ ಆಗಸ್ಟಿನಲ್ಲಿ ಸುರಿಯಿತು ಎಂಬುದರ ಒಂದು ಪುಟದ ಪಟ್ಟಿ ಮಾಡಿ. ಮಳೆಮಾಪಕ ಯಾವ ಬಗೆಯದು, ದಿನಾ ಎಷ್ಟು ಹೊತ್ತಿಗೆ ಅಳೆದದ್ದು ಎಂದು ಸ್ಪಷ್ಟವಾಗಿ ಬರೆಯಿರಿ. ಹವಾಮಾನ ಇಲಾಖೆ ಬೆಳಿಗ್ಗೆ 8.30ಕ್ಕೆ ಹಿಂದಿನ 24 ಗಂಟೆಯ ಮಳೆ ಅಳೆಯುತ್ತದೆ. ನಿಮ್ಮದು ಬೇರೆ ಹೊತ್ತಾದರೆ ದಿನದ ಅಂಕಿಗಳು ತಾಳೆಯಾಗುವುದಿಲ್ಲ, ತಿಂಗಳ ಮೊತ್ತ ಹೋಲಿಸಬಹುದು. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಾಪಕ ನಿಮ್ಮ ಪಂಚಾಯಿತಿಯಲ್ಲಿದ್ದರೆ ಅದರ ಅಂಕಿಯನ್ನೂ ಪಕ್ಕದಲ್ಲಿ ಕೊಡಿ. ಮೊದಲು ಒಬ್ಬ ವರದಿಗಾರರಿಗೆ ಮಾತ್ರ ಪುಸ್ತಕ ತೋರಿಸುವುದು ಒಳ್ಳೆಯದು, ಅವರು ಬಂದು ಕೂತು ಬರೆಯುತ್ತಾರೆ. ಹಾಗೆ ಮಾತು ಕೊಟ್ಟ ಮೇಲೆ ಅದೇ ದಿನ ಇನ್ನೊಬ್ಬರಿಗೆ ಕಳಿಸಬಾರದು. ಹೋಂಸ್ಟೇ ಹೆಸರು ಆ ಬರಹದಲ್ಲಿ ಒಂದೇ ಸಲ ಬರಬಹುದು. ಬಾಡಿಗೆ ದರ, ಊಟದ ಮೆನು ಬಗ್ಗೆ ಪಟ್ಟು ಹಿಡಿಯಬೇಡಿ.

ಪ್ರಶ್ನೆ: ನಮ್ಮ ಮುರುಗಲು (ಕೋಕಂ) ಸಿರಪ್ ಕುಡಿದರೆ ಶುಗರ್, ಬೊಜ್ಜು ಗುಣವಾಗುತ್ತದೆ ಎಂದು ಗಿರಾಕಿಗಳೇ ಹೇಳುತ್ತಾರೆ. ಪ್ರಕಟಣೆಯಲ್ಲಿ ಅವರ ಮಾತೆಂದೇ ಹಾಕಬಹುದಲ್ಲವೇ?
– ಹೊಸನಗರ

ಉತ್ತರ: ಹಾಕಬೇಡಿ. ಗಿರಾಕಿಯ ಬಾಯಲ್ಲಿ ಹೇಳಿಸಿದರೂ ಹೇಳಿಕೆ ನಿಮ್ಮದೇ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆಯಲ್ಲಿ, ಗುಣಪಡಿಸುತ್ತೇವೆಂದು ಜಾಹೀರಾತು ಮಾಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮಧುಮೇಹ, ಬೊಜ್ಜು ಎರಡೂ ಇವೆ. ಆ ಕಾಯ್ದೆಯಲ್ಲಿ ಜಾಹೀರಾತು ಎಂದರೆ ಸುತ್ತೋಲೆ, ಲೇಬಲ್, ಇತರ ದಾಖಲೆಗಳೂ ಸೇರುತ್ತವೆ. ಆಹಾರವೆಂದು ಮಾರಿದರೂ ಕಾಯಿಲೆ ಗುಣಪಡಿಸುವ ಮಾತನ್ನು 2018ರ ಆಹಾರ ಸುರಕ್ಷತಾ ನಿಯಮಗಳು ಒಪ್ಪುವುದಿಲ್ಲ, ದಾರಿತಪ್ಪಿಸುವ ಜಾಹೀರಾತಿಗೆ 10 ಲಕ್ಷ ರೂಪಾಯಿವರೆಗೆ ದಂಡವಿದೆ. ಅಲ್ಲದೆ ಸಿರಪ್ಪಿನಲ್ಲಿ ಅರ್ಧಕ್ಕರ್ಧ ಸಕ್ಕರೆ ಎಂದು ನೀವೇ ಬರೆದಿದ್ದೀರಿ! ಸಿಪ್ಪೆ ಒಣಗಿಸುವ ವಿಧಾನ, ಮಳೆ ಹಿಡಿದರೆ ಬೂಸ್ಟು ಬರದಂತೆ ಏನು ಮಾಡುತ್ತೀರಿ, ಹಣ್ಣಿಗೆ ಕಿಲೋಗೆ ಎಷ್ಟು ಕೊಡುತ್ತೀರಿ ಇವನ್ನು ಬರೆಯಿರಿ.

ಪ್ರಶ್ನೆ: ‘ಜಾಹೀರಾತು ಕೊಡಿ, ಸುದ್ದಿನೂ ಹಾಕ್ತೀವಿ’ ಅಂತ ಪತ್ರಿಕೆಯವರು ಅಂದರು. ಒಪ್ಪಿಕೊಳ್ಳಲೇ?
– ಶಿಕಾರಿಪುರ

ಉತ್ತರ: ಜಾಹೀರಾತು ಬೇಕಿದ್ದರೆ ಜಾಹೀರಾತೆಂದೇ ಕೊಡಿ, ಬಿಲ್ ಪಡೆಯಿರಿ. ಸುದ್ದಿಯನ್ನು ಅದಕ್ಕೆ ಕಟ್ಟಿಹಾಕಬೇಡಿ. ಜಾಹೀರಾತು ಸುದ್ದಿಯಿಂದ ಬೇರೆಯಾಗಿ ಕಾಣಬೇಕೆಂಬುದು ಭಾರತೀಯ ಪತ್ರಿಕಾ ಮಂಡಳಿಯ ಸೂತ್ರ. ಪಕ್ಕದಲ್ಲೇ ನಿಮ್ಮ ಜಾಹೀರಾತು ಇರುವ ಸುದ್ದಿಯನ್ನು ಓದುಗರೂ ಅರ್ಧ ಮನಸ್ಸಿನಿಂದಲೇ ಓದುತ್ತಾರೆ. ವರದಿಗಾರರಿಗೆ ದುಡ್ಡಿನ ಕವರ್ ಕೊಡುವ ಪದ್ಧತಿಯನ್ನಂತೂ ಶುರುವೇ ಮಾಡಬೇಡಿ. ರುಚಿ ನೋಡಲು ನಿಮ್ಮ ಉತ್ಪನ್ನದ ಒಂದು ಬಾಟಲಿ ಕೊಟ್ಟರೆ ತಪ್ಪಿಲ್ಲ.

ಪ್ರಶ್ನೆ: ಪ್ರಚಾರ ಏಜೆನ್ಸಿಯವರು ‘ನಿಮಗೆ ಇಷ್ಟು ಕಾಲಂ ಸೆಂಟಿಮೀಟರ್ ಸುದ್ದಿ ಬಂತು, ಜಾಹೀರಾತು ದರದಲ್ಲಿ ಇಷ್ಟು ಲಕ್ಷ’ ಎಂದು ಲೆಕ್ಕ ಕೊಟ್ಟಿದ್ದಾರೆ. ನಂಬಬಹುದೇ?
– ಭದ್ರಾವತಿ

ಉತ್ತರ: ಅಳತೆ ಸರಿಯಿರಬಹುದು, ಬೆಲೆ ಕಟ್ಟಿದ್ದು ಸರಿಯಿಲ್ಲ. 2010ರಲ್ಲಿ ಬಾರ್ಸಿಲೋನಾದಲ್ಲಿ ಸೇರಿದ ಸಾರ್ವಜನಿಕ ಸಂಪರ್ಕ ಕ್ಷೇತ್ರದವರೇ ಈ ಲೆಕ್ಕವನ್ನು ತಳ್ಳಿಹಾಕಿದ್ದಾರೆ. ನಿಮ್ಮನ್ನು ಬೈದ ಸುದ್ದಿಗೂ ಸೆಂಟಿಮೀಟರ್ ಇರುತ್ತದಲ್ಲ! ಫೋನ್ ಮಾಡಿದ ಹೊಸ ಗಿರಾಕಿಗಳಿಗೆಲ್ಲ ‘ನಮ್ಮ ವಿಷಯ ಎಲ್ಲಿ ನೋಡಿದಿರಿ?’ ಎಂದು ಕೇಳಿ ನೋಟ್‌ಬುಕ್ಕಿನಲ್ಲಿ ಬರೆದಿಡಿ. ವರದಿಗಾರರು ಎರಡನೇ ಸಲ ತಾವಾಗಿಯೇ ಫೋನ್ ಮಾಡಿದರೆ ಅದನ್ನೂ ಬರೆದುಕೊಳ್ಳಿ.

ಪ್ರಶ್ನೆ: ಸುದ್ದಿ ಬಂತು, ಆದರೆ ನಮ್ಮ ಊರಿನ ಹೆಸರೇ ತಪ್ಪಾಗಿದೆ. ಜಗಳ ಆಡಲೇ?
– ಸೊರಬ

ಉತ್ತರ: ಮೊದಲು ನೀವು ಕಳಿಸಿದ ಪ್ರತಿ ತೆಗೆದು ನೋಡಿ. ಅದರಲ್ಲಿ ಸರಿಯಿದ್ದರೆ ಪುಟ ಸಂಖ್ಯೆ, ದಿನಾಂಕ, ತಪ್ಪಾದ ಪದ, ಸರಿಯಾದ ಪದ ಇಷ್ಟನ್ನೇ ಎರಡು ಸಾಲಿನಲ್ಲಿ ವರದಿಗಾರರಿಗೆ ಕಳಿಸಿ. ವೆಬ್ ಆವೃತ್ತಿಯನ್ನು ಕೂಡಲೇ ತಿದ್ದಲು ಕೇಳಿ, ಗೂಗಲ್‌ನಲ್ಲಿ ಹುಡುಕುವವರಿಗೆ ಸಿಗುವುದು ಅದೇ. ನಿಮ್ಮ ಪ್ರತಿಯಲ್ಲೇ ತಪ್ಪಿದ್ದರೆ, ಕ್ಷಮೆ ಕೇಳಿ ಅದೇ ಎರಡು ಸಾಲು ಕಳಿಸಿ.