ರಕ್ತಪರೀಕ್ಷೆ ಮರೆವಿನ ಕಾರಣ ಹೇಳುತ್ತದೆಯೇ?

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ: ಆಲ್ಝೈಮರ್ಸ್, ಪಾರ್ಕಿನ್ಸನ್‌ನಂಥ ನರಕ್ಷಯದ ಕಾಯಿಲೆಗಳನ್ನು ರಕ್ತಪರೀಕ್ಷೆಯಿಂದ ಕಂಡುಹಿಡಿಯಬಹುದಂತೆ, ನಿಜವೇ? ಅವುಗಳಲ್ಲಿ ನಾಲ್ಕನ್ನು ಆರಿಸಿಕೊಂಡಿದ್ದೇನೆ.

ಅಮ್ಮನಿಗೆ 71 ವರ್ಷ. ಎರಡು ವರ್ಷದಿಂದ ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತಾರೆ, ಮೊನ್ನೆ ಪರಿಚಿತ ದಾರಿಯಲ್ಲೇ ತಪ್ಪಿಸಿಕೊಂಡರು. ‘ಅರವತ್ತಕ್ಕೆ ಅರಳುಮರಳು, ಇದೆಲ್ಲ ವಯಸ್ಸಿನದು’ ಎನ್ನುತ್ತಾನೆ ಅಣ್ಣ. ನರರೋಗ ತಜ್ಞರು ಪಿ-ಟೌ 217 ಎಂಬ ರಕ್ತಪರೀಕ್ಷೆ ಬರೆದುಕೊಟ್ಟಿದ್ದಾರೆ. ಮಿದುಳಿನ ಕಾಯಿಲೆ ತೋಳಿನ ರಕ್ತದಲ್ಲಿ ಹೇಗೆ ಕಾಣುತ್ತದೆ? ನಂಬಬಹುದೇ ಡಾಕ್ಟರೇ?

ಮೊದಲು ನಿಮ್ಮ ಅಣ್ಣನ ಮಾತು. ವಯಸ್ಸಾದಂತೆ ಹೆಸರು ತಕ್ಷಣ ನೆನಪಿಗೆ ಬಾರದಿರುವುದು, ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವುದು ಸಹಜ. ಗೊತ್ತಿರುವ ದಾರಿ ತಪ್ಪುವುದು ಸಹಜವಲ್ಲ. ಅರಳುಮರಳು ಎಂದು ಸುಮ್ಮನಿದ್ದು ಎಷ್ಟೋ ಮನೆಗಳು ವರ್ಷಗಳನ್ನೇ ಕಳೆದುಕೊಳ್ಳುತ್ತವೆ. ನೀವು ತಾಯಿಯವರನ್ನು ಕರೆದುಕೊಂಡು ಹೋದದ್ದು ಒಳ್ಳೆಯದಾಯಿತು.

ಇನ್ನು ಪರೀಕ್ಷೆ. 1906ರಲ್ಲಿ ಜರ್ಮನಿಯ ವೈದ್ಯ ಅಲೋಯ್ಸ್ ಆಲ್ಝೈಮರ್, ತೀರಿಕೊಂಡ ರೋಗಿಯೊಬ್ಬರ ಮಿದುಳಿನಲ್ಲಿ ತಾವು ಕಂಡ ಎರಡು ಸಂಗತಿಗಳನ್ನು ವಿವರಿಸಿದರು. ನರಕೋಶಗಳ ಹೊರಗೆ ಗಡ್ಡೆಗಟ್ಟಿದ ಕಲೆಗಳು, ಒಳಗೆ ಸಿಕ್ಕುಬಿದ್ದ ಎಳೆಗಳು. ಹೊರಗಿನದು ಅಮಿಲಾಯ್ಡ್ ಎಂಬ ಪ್ರೋಟೀನು, ಒಳಗಿನದು ಟೌ ಎಂಬುದು ತಿಳಿದದ್ದು ಬಹಳ ತಡವಾಗಿ. ದಶಕಗಳ ಕಾಲ ಈ ರೋಗವನ್ನು ಖಚಿತವಾಗಿ ಹೇಳಲು ಮರಣೋತ್ತರ ಪರೀಕ್ಷೆಯೇ ಬೇಕಿತ್ತು. ಆಮೇಲೆ ಬೆನ್ನುಹುರಿಯ ದ್ರವ ತೆಗೆದು ನೋಡುವ ಕ್ರಮ ಬಂತು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಅಮಿಲಾಯ್ಡ್ ತೋರಿಸುವ ಪೆಟ್ ಸ್ಕ್ಯಾನ್‌ಗೆ ಮೊದಲ ಬಾರಿಗೆ ಅನುಮತಿ ಕೊಟ್ಟಿತು. ಬೆನ್ನಿಗೆ ಸೂಜಿ ಎಂದರೆ ಜನ ಹೆದರುತ್ತಾರೆ, ಪೆಟ್ ಎಲ್ಲೆಡೆ ಸಿಗುವುದಿಲ್ಲ, ದುಬಾರಿ ಬೇರೆ. ಆದ್ದರಿಂದಲೇ ರಕ್ತದಲ್ಲಿ ಹುಡುಕುವ ಪ್ರಯತ್ನ ಬಿಡದೆ ನಡೆಯಿತು.

ಕಷ್ಟ ಇದ್ದದ್ದು ಪ್ರಮಾಣದಲ್ಲಿ. ಮಿದುಳಿನಿಂದ ರಕ್ತಕ್ಕೆ ಜಿನುಗುವ ಈ ಪ್ರೋಟೀನುಗಳನ್ನು ಅಳೆಯುವುದು ಪಿಕೋಗ್ರಾಂಗಳಲ್ಲಿ, ಅಂದರೆ ಗ್ರಾಮಿನ ಒಂದು ಲಕ್ಷ ಕೋಟಿಯಲ್ಲಿ ಒಂದು ಭಾಗ. ಒಂದೊಂದೇ ಅಣುವನ್ನು ಎಣಿಸಬಲ್ಲ ಉಪಕರಣಗಳು ಬರುವವರೆಗೆ ಇದು ಕೈಗೆಟುಕಲಿಲ್ಲ. ಬಂದ ಮೇಲೂ ಅಮಿಲಾಯ್ಡ್ ಸತಾಯಿಸಿತು. ಮಿದುಳಿನಲ್ಲಿ ಅಮಿಲಾಯ್ಡ್ ಶೇಖರವಾದಾಗ ಬೆನ್ನುಹುರಿಯ ದ್ರವದಲ್ಲಿ ಅದರ ಎರಡು ಬಗೆಗಳ (42 ಮತ್ತು 40) ಅನುಪಾತ ಅರ್ಧದಷ್ಟು ಕುಸಿಯುತ್ತದೆ, ರಕ್ತದಲ್ಲಾದರೋ ಇಳಿಯುವುದು ಶೇ 10-15ರಷ್ಟು ಮಾತ್ರ. ಮಿದುಳಿನ ಹೊರಗೂ ಈ ಪ್ರೋಟೀನು ತಯಾರಾಗುವುದರಿಂದ ಹೀಗೆ. ಇಷ್ಟು ಸಣ್ಣ ಅಂತರದಲ್ಲಿ ರಕ್ತದ ಟ್ಯೂಬನ್ನು ಯಂತ್ರದಲ್ಲಿಟ್ಟು ತಿರುಗಿಸಿ ದ್ರವ ಬೇರ್ಪಡಿಸುವುದು ತಡವಾದರೂ ಫಲಿತಾಂಶ ಆಚೀಚೆ ಆಗಬಹುದು.

ದಾರಿ ತೋರಿದ್ದು ಟೌ. ನರಕೋಶದ ಒಳಗೆ ಸಾಮಾನು ಸಾಗಿಸುವ ಸೂಕ್ಷ್ಮ ನಾಳಗಳನ್ನು ಭದ್ರವಾಗಿ ಹಿಡಿದಿಡುವುದು ಇದರ ಕೆಲಸ. ಅದರ 217ನೆಯ ಸ್ಥಾನಕ್ಕೆ ಫಾಸ್ಫೇಟ್ ಅಂಟಿಕೊಂಡರೆ ಅದೇ ಪಿ-ಟೌ 217. ಅಮಿಲಾಯ್ಡ್ ಕಲೆಗಳು ಕೂಡತೊಡಗಿದಾಗ ನರಕೋಶಗಳು ಈ ಬಗೆಯ ಟೌವನ್ನು ಹೆಚ್ಚು ಹೊರಬಿಡುತ್ತವೆ, ಮಟ್ಟ ಕೆಲವು ಪಟ್ಟು ಏರುತ್ತದೆ. ಹೆಸರು ಟೌವಿನದಾದರೂ ಅದು ಮೊದಲು ಸಾಕ್ಷಿ ಹೇಳುವುದು ಅಮಿಲಾಯ್ಡ್ ಬಗ್ಗೆ. ಓದುಗರು ಮಾತ್ರವಲ್ಲ, ವೈದ್ಯರೂ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ.

ನಂಬಬಹುದೇ? ನಿಮ್ಮ ತಾಯಿಯವರಂಥವರಲ್ಲಿ, ಬಹಳಮಟ್ಟಿಗೆ ಹೌದು. 2025ರ ಮೇ ತಿಂಗಳಲ್ಲಿ ಎಫ್‌ಡಿಎ ಇಂಥ ಮೊದಲ ರಕ್ತಪರೀಕ್ಷೆಗೆ ಒಪ್ಪಿಗೆ ಕೊಟ್ಟಿತು. ಪಿ-ಟೌ 217 ಮತ್ತು ಅಮಿಲಾಯ್ಡ್ 42ರ ಅನುಪಾತ ನೋಡುವ ಪರೀಕ್ಷೆ ಅದು. 499 ಜನರ ರಕ್ತದಲ್ಲಿ ಪರಿಶೀಲಿಸಿದಾಗ, ಪಾಸಿಟಿವ್ ಬಂದವರಲ್ಲಿ ಶೇ 91.7 ಮಂದಿಗೆ ಪೆಟ್ ಸ್ಕ್ಯಾನ್ ಅಥವಾ ಬೆನ್ನುಹುರಿ ದ್ರವದಲ್ಲೂ ಅಮಿಲಾಯ್ಡ್ ಕಂಡಿತು. ನೆಗೆಟಿವ್ ಬಂದವರಲ್ಲಿ ಶೇ 97.3 ಮಂದಿಗೆ ಅಲ್ಲೂ ಕಾಣಲಿಲ್ಲ. ಸ್ವೀಡನ್ನಿನಲ್ಲಿ 1,213 ಜನರ ಮೇಲೆ ನಡೆದು 2024ರಲ್ಲಿ ಪ್ರಕಟವಾದ ಅಧ್ಯಯನ ನನ್ನ ಕಣ್ಣು ತೆರೆಸಿತು. ಮಾಮೂಲಿ ತಪಾಸಣೆಯಿಂದ ಆಲ್ಝೈಮರ್ಸ್ ಹೌದೋ ಅಲ್ಲವೋ ಎಂದು ಸರಿಯಾಗಿ ಹೇಳಿದ್ದು ಸಾಮಾನ್ಯ ವೈದ್ಯರು ಶೇ 61ರಷ್ಟು, ತಜ್ಞರು ಶೇ 73ರಷ್ಟು. ರಕ್ತಪರೀಕ್ಷೆ ಸುಮಾರು ಶೇ 90ರಷ್ಟು ಸರಿ ಹೇಳಿತು. ತಜ್ಞರು ಎನಿಸಿಕೊಂಡ ನಾವು ನಾಲ್ಕರಲ್ಲಿ ಒಬ್ಬರಿಗೆ ತಪ್ಪು ಹೇಳುತ್ತಿದ್ದೆವು ಎಂದಾಯಿತು. ಇದನ್ನು ಒಪ್ಪಿಕೊಳ್ಳಲೇಬೇಕು.

ಆದರೆ ಪಾಸಿಟಿವ್ ಎಂದರೆ ‘ಮಿದುಳಿನಲ್ಲಿ ಅಮಿಲಾಯ್ಡ್ ಇದೆ’ ಎಂದಷ್ಟೇ. ಮರೆವೆಲ್ಲ ಅದರಿಂದಲೇ ಎಂದು ರಕ್ತ ಹೇಳುವುದಿಲ್ಲ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ದೆಯಲ್ಲಿ ಉಸಿರು ಕಟ್ಟುವುದು, ಮಂಪರು ತರುವ ಮಾತ್ರೆಗಳು, ಬಿದ್ದು ತಲೆಯೊಳಗೆ ಹೆಪ್ಪುಗಟ್ಟಿದ ರಕ್ತ, ಇವೆಲ್ಲ ಮರೆವು ತರುತ್ತವೆ, ಮತ್ತು ಇವಕ್ಕೆ ಚಿಕಿತ್ಸೆ ಇದೆ. ಆ ತಪಾಸಣೆ, ಜೊತೆಗೆ ಎಂಆರ್‌ಐ ಮತ್ತು ನೆನಪಿನ ಶಕ್ತಿಯ ಪರೀಕ್ಷೆ ಆಗಿದೆಯೇ ಎಂದು ಕೇಳಿ. ಆಗಿಲ್ಲದಿದ್ದರೆ ಮೊದಲು ಅದಾಗಲಿ. ಅಮಿಲಾಯ್ಡ್ ತೆಗೆಯುವ ಹೊಸ ಔಷಧಗಳಾದ ಲೆಕಾನೆಮ್ಯಾಬ್, ಡೊನಾನೆಮ್ಯಾಬ್ ರೋಗದ ಓಟವನ್ನು ಸ್ವಲ್ಪ ನಿಧಾನಿಸುತ್ತವೆ, ನಿಲ್ಲಿಸುವುದಿಲ್ಲ, ಮಿದುಳಿನಲ್ಲಿ ಊತ ಮತ್ತು ಸಣ್ಣ ರಕ್ತಸ್ರಾವದ ಅಪಾಯವೂ ಇದೆ. ರೋಗ ಆರಂಭದ ಹಂತದಲ್ಲಿದ್ದು, ಅಮಿಲಾಯ್ಡ್ ಇರುವುದು ಖಚಿತವಾದರೆ ಮಾತ್ರ ಅವುಗಳ ಯೋಚನೆ.

ನನಗೆ 44. ಅಪ್ಪನಿಗೆ 74ನೇ ವಯಸ್ಸಿನಲ್ಲಿ ಆಲ್ಝೈಮರ್ಸ್ ಬಂತು. ನನಗೇನೂ ತೊಂದರೆ ಇಲ್ಲ, ಆದರೂ ಭಯ. ಈಗಲೇ ಈ ಪರೀಕ್ಷೆ ಮಾಡಿಸಿಬಿಡಲೇ?

ಬೇಡ. ನಿಮ್ಮ ಭಯವನ್ನು ಹಗುರವಾಗಿ ಕಾಣುತ್ತಿಲ್ಲ. ತಂದೆ ಮಗನ ಹೆಸರನ್ನೇ ಮರೆಯುವುದನ್ನು ಕಂಡವರಿಗೆ ಈ ಪ್ರಶ್ನೆ ಏಳದೆ ಇರುವುದಿಲ್ಲ. ಆದರೂ ಒಂದು ಲೆಕ್ಕ ಹಾಕೋಣ.

ರೋಗ ಇದ್ದವರಲ್ಲಿ ನೂರಕ್ಕೆ 90 ಮಂದಿಯನ್ನು ಹಿಡಿಯುವ, ಇಲ್ಲದವರಲ್ಲಿ ನೂರಕ್ಕೆ 90 ಮಂದಿಗೆ ‘ಇಲ್ಲ’ ಎನ್ನುವ ಪರೀಕ್ಷೆ ಎಂದಿಟ್ಟುಕೊಳ್ಳಿ. ಮರೆವಿನ ಕ್ಲಿನಿಕ್ಕಿಗೆ ಬಂದ 1,000 ಜನರಲ್ಲಿ 600 ಮಂದಿಗೆ ಅಮಿಲಾಯ್ಡ್ ಇದೆಯೆನ್ನೋಣ. ಅವರಲ್ಲಿ 540 ಮಂದಿಗೆ ಪಾಸಿಟಿವ್ ಬರುತ್ತದೆ, ಉಳಿದ 400 ಮಂದಿಯಲ್ಲಿ 40 ಜನಕ್ಕೆ ಸುಳ್ಳು ಪಾಸಿಟಿವ್. ಒಟ್ಟು 580ರಲ್ಲಿ 540 ನಿಜ. ಒಳ್ಳೆಯ ಪರೀಕ್ಷೆ. ಅದೇ ಪರೀಕ್ಷೆಯನ್ನು ನಿಮ್ಮ ವಯಸ್ಸಿನ, ತೊಂದರೆ ಇಲ್ಲದ 1,000 ಜನಕ್ಕೆ ಮಾಡಿ. ಅವರಲ್ಲಿ 50 ಮಂದಿಗೆ ಅಮಿಲಾಯ್ಡ್ ಇದೆ ಎಂದರೂ 45 ನಿಜ ಪಾಸಿಟಿವ್, 95 ಸುಳ್ಳು ಪಾಸಿಟಿವ್. ಪಾಸಿಟಿವ್ ಎಂಬ ಚೀಟಿ ಹಿಡಿದು ನಡುಗುವ ಮೂವರಲ್ಲಿ ಇಬ್ಬರಿಗೆ ಅಮಿಲಾಯ್ಡ್ ಇರುವುದೇ ಇಲ್ಲ. ಯಂತ್ರ ಅದೇ, ರಾಸಾಯನಿಕ ಅದೇ. ಬದಲಾದದ್ದು ಪರೀಕ್ಷೆಗೆ ಕೂತವರು. ಎಫ್‌ಡಿಎ ಅನುಮತಿ 55 ದಾಟಿದ, ಮರೆವಿನ ಲಕ್ಷಣ ಇರುವವರಿಗೆ ಮಾತ್ರ ಎಂದಿರುವುದೂ, ಲಕ್ಷಣ ಇಲ್ಲದವರಿಗೆ ಈ ಪರೀಕ್ಷೆ ಬೇಡ ಎಂದು ತಜ್ಞರು ಹೇಳುವುದೂ ಇದಕ್ಕಾಗಿಯೇ.

ಅಮಿಲಾಯ್ಡ್ ನಿಜವಾಗಿ ಇದ್ದರೂ ಅದು ಭವಿಷ್ಯವಾಣಿಯಲ್ಲ. ಅಮಿಲಾಯ್ಡ್ ಇದ್ದೂ ಕೊನೆಯವರೆಗೆ ಚುರುಕಾಗಿ ಬಾಳಿದವರು ಬೇಕಾದಷ್ಟಿದ್ದಾರೆ. ಲಕ್ಷಣವೇ ಇಲ್ಲದವರಿಗೆ ಕೊಡಬಹುದಾದ ಔಷಧ ಸಂಶೋಧನೆಯ ಹಂತದಲ್ಲಿದೆ. ನಿಮ್ಮ ಕೈಯಲ್ಲಿರುವುದು ರಕ್ತದೊತ್ತಡ, ಸಕ್ಕರೆ, ಕೊಲೆಸ್ಟರಾಲ್, ಕಿವಿಯ ಕೇಳಿಸುವಿಕೆ, ನಡಿಗೆ, ನಿದ್ದೆ. ಇವುಗಳ ಬಗ್ಗೆ ಈಗ ತೆಗೆದುಕೊಳ್ಳುವ ಕಾಳಜಿ ಆ ಚೀಟಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮನೆತನದಲ್ಲಿ ಹಲವರಿಗೆ, ತಲೆಮಾರಿನಿಂದ ತಲೆಮಾರಿಗೆ, 60ಕ್ಕಿಂತ ಮೊದಲೇ ರೋಗ ಬಂದಿದ್ದರೆ ಮಾತ್ರ ಮಾತು ಬೇರೆ. ಆಗ ಹೋಗಬೇಕಾದದ್ದು ಆನುವಂಶಿಕ ಸಲಹೆಗಾರರ ಬಳಿಗೆ.

ತಂದೆಯವರಿಗೆ 78, ಕಿಡ್ನಿ ಸರಿಯಿಲ್ಲ, ಕ್ರಿಯಾಟಿನಿನ್ ಹೆಚ್ಚಿದೆ. ಮರೆವಿಗಾಗಿ ಮಾಡಿಸಿದ ಪಿ-ಟೌ ವರದಿ ‘ಮಧ್ಯಂತರ’ ಎಂದು ಬಂದಿದೆ. ಬೇರೆ ಲ್ಯಾಬಿನಲ್ಲಿ ಇನ್ನೊಮ್ಮೆ ಮಾಡಿಸಲೇ?

ಬೇರೆ ಲ್ಯಾಬಿಗೆ ಓಡಬೇಡಿ. ಒಂದು ಲ್ಯಾಬಿನ ಅಂಕಿಯನ್ನು ಇನ್ನೊಂದರ ಅಂಕಿಯೊಂದಿಗೆ ಹೋಲಿಸುವಂತಿಲ್ಲ, ವಿಧಾನಗಳೇ ಬೇರೆ. ಹೌದು ಅಲ್ಲಗಳ ನಡುವೆ ಇರುವ ಈ ‘ಮಧ್ಯಂತರ’ ಪಟ್ಟಿಯನ್ನು ಬೇಕೆಂದೇ ಇಟ್ಟಿರುತ್ತಾರೆ. ಸುಳ್ಳು ಭರವಸೆ, ಸುಳ್ಳು ಭಯ ಎರಡೂ ಕಡಿಮೆಯಾಗಲಿ ಎಂದು. ಕಿಡ್ನಿ ದುರ್ಬಲವಾದಾಗ ಈ ಪ್ರೋಟೀನುಗಳು ರಕ್ತದಿಂದ ಸರಿಯಾಗಿ ಹೊರಹೋಗುವುದಿಲ್ಲ, ಮಟ್ಟ ತಾನಾಗಿಯೇ ಏರುತ್ತದೆ. ದೇಹದ ತೂಕ ಹೆಚ್ಚಿದ್ದರೆ ಅದಕ್ಕೆ ವಿರುದ್ಧವಾಗಿ ಕಡಿಮೆ ತೋರಬಹುದು. ರಕ್ತ ಕೊಡುವಾಗಲೇ ಕಿಡ್ನಿಯ ವಿಷಯ ಬರೆಸಿದ್ದಿರಾ? ಇಲ್ಲವಾದರೆ ಈಗಲಾದರೂ ವೈದ್ಯರಿಗೆ ತಿಳಿಸಿ. ತಿಳಿಯುವುದರಿಂದ ಚಿಕಿತ್ಸೆ ಬದಲಾಗುವುದಾದರೆ ಮುಂದಿನ ಹೆಜ್ಜೆ ಬೆನ್ನುಹುರಿ ದ್ರವ ಅಥವಾ ಪೆಟ್. ಬದಲಾಗದು ಎನಿಸಿದರೆ ಅದೂ ಬೇಡ, ಆರೈಕೆಯ ಕಡೆ ಗಮನ ಕೊಡಿ.

ತಮ್ಮನಿಗೆ 58. ಪಾರ್ಕಿನ್ಸನ್ ಎಂದು ಒಂದೂವರೆ ವರ್ಷದಿಂದ ಮಾತ್ರೆ ನಡೆದಿದೆ, ಗುಣ ಕಾಣುತ್ತಿಲ್ಲ, ಪದೇ ಪದೇ ಬೀಳುತ್ತಾನೆ. ರಕ್ತದಲ್ಲಿ ನ್ಯೂರೋಫಿಲಮೆಂಟ್ ಜಾಸ್ತಿ ಇದೆಯಂತೆ. ಏನರ್ಥ?

ನ್ಯೂರೋಫಿಲಮೆಂಟ್ ನರತಂತುವಿನ ತೊಲೆ ಇದ್ದಂತೆ. ತೊಲೆ ಸವೆದರೆ ಪುಡಿ ಕೆಳಗೆ ಬೀಳುತ್ತದೆ, ಆ ಪುಡಿಯನ್ನೇ ರಕ್ತದಲ್ಲಿ ಅಳೆಯುವುದು. ಗೆದ್ದಲು ತಿಂದಿತೋ, ನೀರು ಹಿಡಿದು ಕೊಳೆಯಿತೋ ಎಂಬುದನ್ನು ಪುಡಿ ಹೇಳುವುದಿಲ್ಲ. ಪಾರ್ಶ್ವವಾಯು, ತಲೆಗೆ ಪೆಟ್ಟು, ಮಲ್ಟಿಪಲ್ ಸ್ಕ್ಲೆರೋಸಿಸ್, ಮಧುಮೇಹದ ನರದೋಷ, ಏನೇ ಇದ್ದರೂ ಏರಬಹುದು. ವಯಸ್ಸಿನೊಂದಿಗೂ ಏರುತ್ತದೆ. ಆದ್ದರಿಂದ ಅಂಕಿಯನ್ನು ಅದೇ ವಯಸ್ಸಿನವರ ಅಂಕಿಯೊಂದಿಗೆ ಮಾತ್ರ ಇಟ್ಟು ನೋಡಬೇಕು.

ಆದರೂ ನಿಮ್ಮ ತಮ್ಮನ ವಿಷಯದಲ್ಲಿ ಅದಕ್ಕೆ ತೂಕವಿದೆ. ಪಾರ್ಕಿನ್ಸನ್ ರೋಗದಲ್ಲಿ ಈ ಮಟ್ಟ ಸಾಮಾನ್ಯವಾಗಿ ಅಷ್ಟೇನೂ ಏರುವುದಿಲ್ಲ. ಪಾರ್ಕಿನ್ಸನ್‌ನಂತೆಯೇ ಕಾಣುವ, ಆದರೆ ಬೇರೆಯಾದ ಪಿಎಸ್‌ಪಿ, ಎಂಎಸ್‌ಎ ಎಂಬ ಕಾಯಿಲೆಗಳಲ್ಲಿ ಏರುತ್ತದೆ. ಮಾತ್ರೆ ನಾಟದಿರುವುದು, ಬೇಗನೆ ಬೀಳತೊಡಗಿದ್ದು ಕೂಡ ಅದೇ ಕಡೆ ಬೊಟ್ಟು ಮಾಡುತ್ತವೆ. ರೋಗ ಖಚಿತಪಡಿಸಲು ಇದಷ್ಟೇ ಸಾಲದು, ಮತ್ತೆ ಯೋಚಿಸಲು ಸಾಕು. ಪಾರ್ಕಿನ್ಸನ್‌ಗೆ ಕಾರಣವಾದ ಆಲ್ಫಾ-ಸಿನ್ಯೂಕ್ಲಿನ್ ಪ್ರೋಟೀನನ್ನು ಬೆನ್ನುಹುರಿ ದ್ರವದಲ್ಲಿ ಚೆನ್ನಾಗಿ ಗುರುತಿಸಬಹುದು. ಪಿ-ಟೌ 217ರಷ್ಟು ಭರವಸೆಯ ರಕ್ತಪರೀಕ್ಷೆ ಅದಕ್ಕೆ ಇನ್ನೂ ಬಂದಿಲ್ಲ.

ನ್ಯೂರೋಫಿಲಮೆಂಟಿನ ನಿಜವಾದ ಬೆಲೆ ಚಿಕಿತ್ಸೆ ನಾಟುತ್ತಿದೆಯೇ ಎಂದು ನೋಡುವುದರಲ್ಲಿ ಎಂದು ನನ್ನ ಅನಿಸಿಕೆ. ಕೈಕಾಲಿನ ಶಕ್ತಿ ಕುಂದಿಸುವ ಎಎಲ್‌ಎಸ್ ಕಾಯಿಲೆಯಲ್ಲಿ, ಎಸ್‌ಒಡಿ1 ಜೀನ್ ದೋಷ ಇರುವವರಿಗಾಗಿ ಟೋಫರ್ಸೆನ್ ಎಂಬ ಔಷಧಕ್ಕೆ 2023ರಲ್ಲಿ ಎಫ್‌ಡಿಎ ಅನುಮತಿ ಸಿಕ್ಕಿತು. ಆಧಾರವಾಗಿದ್ದು ರಕ್ತದಲ್ಲಿ ನ್ಯೂರೋಫಿಲಮೆಂಟ್ ಇಳಿದದ್ದು.

ಚಲನೆಯ ಕಾಯಿಲೆಗಳನ್ನೇ ನೋಡುವ ತಜ್ಞರ ಬಳಿ ತಮ್ಮನನ್ನು ಕರೆದುಕೊಂಡು ಹೋಗಿ. ಹೋಗುವ ಮೊದಲು ನಾಲ್ಕು ವಿಷಯ ಗಮನಿಸಿ ಬರೆದಿಟ್ಟುಕೊಳ್ಳಿ. ಮೆಟ್ಟಿಲು ಇಳಿಯುವಾಗ ಕಣ್ಣು ಕೆಳಗೆ ಹಾಯುತ್ತದೆಯೇ? ಎದ್ದು ನಿಂತಾಗ ಬಿಪಿ ಬಹಳ ಇಳಿಯುತ್ತದೆಯೇ? ಮೂತ್ರ ತಡೆಯಲು ಆಗುತ್ತದೆಯೇ? ನೀರು ಕುಡಿಯುವಾಗ ಕೆಮ್ಮು ಬರುತ್ತದೆಯೇ? ಅಲ್ಲಿಯವರೆಗೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಬೀಳುವುದನ್ನು ತಪ್ಪಿಸಲು ಫಿಸಿಯೋಥೆರಪಿಯನ್ನು ಈ ವಾರವೇ ಶುರು ಮಾಡಿಸಿ, ಅದಕ್ಕೆ ಯಾವ ರಿಪೋರ್ಟಿಗೂ ಕಾಯಬೇಕಾಗಿಲ್ಲ.