ವೈರಸ್ ಹೊಕ್ಕ ಜೀವಕೋಶಕ್ಕೆ ಬಿಸಿ ತಾಗಿದರೆ?

ಪ್ರಶ್ನೆ: ಜ್ವರ ಬಂದರೆ ವೈರಸ್ ಸಾಯುತ್ತದೆ ಅಂತಾರೆ. ಹಾಗಾದ್ರೆ ವೈರಸ್ ಹೊಕ್ಕ ಜೀವಕೋಶಕ್ಕೆ ಬಿಸಿ ತಾಗಿದಾಗ ಒಳಗೆ ಏನು ನಡೆಯುತ್ತದೆ?
– ಬಿ.ಎಸ್ಸಿ. ವಿದ್ಯಾರ್ಥಿನಿ

ಉತ್ತರ: 39–40 ಡಿಗ್ರಿ ಸೆಲ್ಸಿಯಸ್ ಜ್ವರಕ್ಕೆ ವೈರಸ್ ಬೆಂದು ಸಾಯುವುದಿಲ್ಲ, ತಂಗಿ. ಮೊದಲು ಬದಲಾಗುವುದು ಅದು ಕೂತಿರುವ ಜೀವಕೋಶ.

ವೈರಸ್ ಇಲ್ಲದ ಕೋಶದಿಂದಲೇ ಶುರು ಮಾಡೋಣ. ನಮ್ಮ ಲ್ಯಾಬಿನಲ್ಲಿ 37 ಡಿಗ್ರಿಯಲ್ಲಿ ಬೆಳೆದ ಕೋಶಗಳ ಫ್ಲಾಸ್ಕಿಗೆ ಮುಚ್ಚಳ ಬಿಗಿದು, ಪ್ಯಾರಾಫಿಲ್ಮ್ ಸುತ್ತಿ, 42 ಡಿಗ್ರಿಯ ವಾಟರ್ ಬಾತ್‌ನಲ್ಲಿ ಇಡುತ್ತೇವೆ. ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಅಂಥ ವ್ಯತ್ಯಾಸವೇನೂ ಕಾಣದು. ಆದರೆ ಅದೇ ಕೋಶಗಳ ಪ್ರೋಟೀನನ್ನು ಬ್ಲಾಟ್ ಮಾಡಿ (ಅಂದರೆ ಗಾತ್ರದ ಪ್ರಕಾರ ಬೇರ್ಪಡಿಸಿ, ಬೇಕಾದದ್ದನ್ನು ಗುರುತಿಸಿ) ನೋಡಿ: 70 ಕಿಲೋಡಾಲ್ಟನ್ (ಪ್ರೋಟೀನು ತೂಗುವ ಅಳತೆ) ಹತ್ತಿರ ದಪ್ಪನೆಯ ಪಟ್ಟಿ. ಅದೇ ಎಚ್‌ಎಸ್‌ಪಿ70, ಅಂದರೆ ಬಿಸಿ ತಾಗಿದಾಗ ಹೆಚ್ಚುವ ‘ಹೀಟ್ ಶಾಕ್ ಪ್ರೋಟೀನು’. ಬಿಸಿಗೆ ಮಡಿಕೆ ಬಿಚ್ಚಿಕೊಂಡ ಪ್ರೋಟೀನುಗಳು ಒಂದಕ್ಕೊಂದು ಅಂಟದ ಹಾಗೆ ನೋಡಿಕೊಳ್ಳುವುದು ಅದರ ಕೆಲಸ. ಇದರ ಜೀನನ್ನು ಎಚ್‌ಎಸ್‌ಎಫ್1 ಎಂಬ ಪ್ರೋಟೀನು ಚಾಲೂ ಮಾಡುತ್ತದೆ. ಬಿಸಿ ಏರಿದಾಗ ಅದು ಮೂರು ಮೂರಾಗಿ ಜೊತೆಗೂಡಿ ಡಿಎನ್‌ಎಗೆ ಅಂಟಿಕೊಳ್ಳುತ್ತದೆ. ಉಳಿದ ಪ್ರೋಟೀನುಗಳ ತಯಾರಿ ಆಗ ತಗ್ಗುತ್ತದೆ.

ಇದು ಗೊತ್ತಾದದ್ದೂ ಆಕಸ್ಮಿಕವಾಗಿ. ಯಾರೋ ಇನ್‌ಕ್ಯುಬೇಟರ್ ಬಿಸಿ ಜಾಸ್ತಿ ಮಾಡಿದ್ದರು. ಇಟಲಿಯ ಫೆರುಚ್ಚಿಯೋ ರಿಟೋಸಾ ಅದರಲ್ಲಿದ್ದ ಹಣ್ಣಿನ ನೊಣದ ಕ್ರೋಮೋಸೋಮುಗಳಲ್ಲಿ ಹೊಸ ಉಬ್ಬುಗಳನ್ನು, ಅಂದರೆ ಜೀನುಗಳು ಚಾಲೂ ಆದ ಗುರುತನ್ನು, ಕಂಡರು. 1962ರಲ್ಲಿ ಅದನ್ನು ಪ್ರಕಟಿಸಿದರು.

ಈಗ ವೈರಸ್. ಅದಕ್ಕೂ ಒಮ್ಮೆಗೇ ರಾಶಿ ಪ್ರೋಟೀನು ಬೇಕು, ಅವನ್ನು ಸರಿಯಾಗಿ ಮಡಚುವವರೂ ಬೇಕು. ಹಾಗಾಗಿ ಕೋಶ ತನ್ನ ರಕ್ಷಣೆಗೆ ಮಾಡಿಕೊಂಡ ಪ್ರೋಟೀನುಗಳನ್ನೇ ಅದು ದುಡಿಸಿಕೊಳ್ಳುತ್ತದೆ. ಪೋಲಿಯೋ ವೈರಸ್ಸಿನ ಹೊರಕವಚ ತಯಾರಾಗಲು ಇದೇ ಬಗೆಯ ಇನ್ನೊಂದು ಪ್ರೋಟೀನಾದ ಎಚ್‌ಎಸ್‌ಪಿ90 ನೆರವು ಬೇಕು. ಅಡೆನೋವೈರಸ್ ಅಂತೂ ಬಿಸಿಯೇ ಇಲ್ಲದೆ, ತನ್ನ ಇ1ಎ ಪ್ರೋಟೀನಿನಿಂದಲೇ ಎಚ್‌ಎಸ್‌ಪಿ70 ಜೀನನ್ನು ಎಬ್ಬಿಸುತ್ತದೆ! ಫ್ಲೂ ವೈರಸ್ಸಿಗೆ ಮಾತ್ರ ಇದು ಎರಡಲಗಿನ ಕತ್ತಿ. ಅದರ ಆರ್‌ಎನ್‌ಎ ನಕಲು ಮಾಡುವ ಕಿಣ್ವಕ್ಕೆ ಎಚ್‌ಎಸ್‌ಪಿ90 ಆಸರೆ. ಆದರೆ ಬಿಸಿ ಏರಿ ಎಚ್‌ಎಸ್‌ಪಿ70 ಹೆಚ್ಚಿದರೆ, ವೈರಸ್ಸಿನ ಜೀನುಗಳು ನ್ಯೂಕ್ಲಿಯಸ್ ಬಿಟ್ಟು ಹೊರಬರುವುದೇ ಕಷ್ಟ.

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯ, ಬಿಸಿ ಯಾವಾಗ ತಾಗಿತು ಅನ್ನುವುದು. ಬಿಸಿ ತಾಗಿದ ಕೋಶ ತನ್ನ ಎಂಆರ್‌ಎನ್‌ಎಗಳನ್ನು (ಪ್ರೋಟೀನು ತಯಾರಿಸುವ ಸಂದೇಶಗಳನ್ನು) ‘ಸ್ಟ್ರೆಸ್ ಗ್ರಾನ್ಯೂಲ್’ ಎಂಬ ಒತ್ತಡದ ಕಣಗಳಲ್ಲಿ ಕಟ್ಟಿಡುತ್ತದೆ. ಅದಕ್ಕೆ ಜಿ3ಬಿಪಿ ಪ್ರೋಟೀನಿನ ಆಸರೆ ಇರುತ್ತದೆ. ಪೋಲಿಯೋ ವೈರಸ್ ಆ ಪ್ರೋಟೀನನ್ನೇ ಕತ್ತರಿಸಿಬಿಡುತ್ತದೆ. ಕೋಶದ ಪ್ರೋಟೀನು ತಯಾರಿಗೆ ಬೇಕಾದ ಇಐಎಫ್4ಜಿಯನ್ನೂ ಬಿಡುವುದಿಲ್ಲ. ಅಷ್ಟು ಹೊತ್ತಿಗೆ ಬಿಸಿ ಕೊಟ್ಟರೆ ಕೋಶ ಪೂರ್ತಿಯಾಗಿ ಸ್ಪಂದಿಸುವುದಾದರೂ ಹೇಗೆ?

ಪ್ರಾಜೆಕ್ಟ್ ಮಾಡುವುದಿದ್ದರೆ ನಾಲ್ಕು ಫ್ಲಾಸ್ಕ್ ಇಡಿ. ವೈರಸ್ ಇರುವುದು, ಇಲ್ಲದ್ದು; ಎರಡೂ 37ರಲ್ಲಿ, ಎರಡೂ 42ರಲ್ಲಿ. ವೈರಸ್ ಇಲ್ಲದೆ ಬಿಸಿ ಮಾಡಿದ ಫ್ಲಾಸ್ಕನ್ನು ಬಿಟ್ಟವರ ವರದಿ ನನ್ನ ಮೇಜಿಗೆ ಬಂದರೆ ಸೀದಾ ವಾಪಸ್ಸು ಹೋಗುತ್ತದೆ.

ಅಂದಹಾಗೆ, ಬಿಸಿಯಿಂದ ಎಚ್ಚರವಾಗುವ ವೈರಸ್ಸೂ ಉಂಟು. ನರಕೋಶದಲ್ಲಿ ಸುಮ್ನೆ ಅಡಗಿರುವ ಹರ್ಪಿಸ್, ಜ್ವರ ಬಂದಾಗ ತುಟಿಯಂಚಿಗೆ ಗುಳ್ಳೆಯಾಗಿ ಬರುವುದು ಹಾಗೇ ಅಲ್ವಾ? ಇಲಿಗಳಲ್ಲಿ ಅದನ್ನು ಎಬ್ಬಿಸಲು 43 ಡಿಗ್ರಿ ನೀರಿನಲ್ಲಿ ಹತ್ತು ನಿಮಿಷ ಇಟ್ಟರೆ ಸಾಕು.